ಅಂಬಪ್ಪ ಹೆರೆದ ಕೋಡುಗಳು

ನಾನು ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಹನುಮಂತರಾಯ ಎಂದರೆ ಸಿಡುಕ ಎಂದೇ ಗುರುಗುಂಟಾದಲ್ಲಿ ಹೆಸರು. ದನದ ದವಾಖಾನೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಮೂವತ್ತೆರಡು ವರ್ಷ ಕಳೆದವನು, ಎಮ್ಮೆಗಳಿಂದ ಒದೆಸಿಕೊಂಡವನು, ಹೋರಿಗಳಿಂದ ಹಾಯಿಸಿಕೊಂಡವನು, ಸಿಡುಕದೆ ಇನ್ನೇನು ಮಾಡಲಿ? ಆದರೂ ಇವತ್ತು ಒಬ್ಬನನ್ನು ಬಾಯ್ತುಂಬ ಹೊಗಳಬೇಕೆಂದೇ ಕೂತಿದ್ದೇನೆ. ನಡುವೆ ಬಾಯಿ ಹಾಕಬೇಡಿ.

ಅವನ ಹೆಸರು ಅಂಬಪ್ಪ. ನಮ್ಮ ಊರಿನವನೇ, ನನಗಿಂತ ಐದಾರು ವರ್ಷ ದೊಡ್ಡವನು. ಎತ್ತಿನ ಕೋಡು ಹೆರೆಯುವುದು ಅವನ ಕಸುಬು. ಎತ್ತುಗಳ ಹಬ್ಬ ಕಾರಹುಣ್ಣಿಮೆ ಇನ್ನೂ ತಿಂಗಳಿದೆ ಎನ್ನುವಾಗಲೇ ಲಿಂಗಸುಗೂರು, ಮಸ್ಕಿ, ಆಚೆ ಸಿಂಧನೂರಿನ ಊರುಗಳಿಂದಲೂ ಅವನಿಗೆ ಬುಲಾವು ಬರುತ್ತಿತ್ತು. ಸಿಪ್ಪೆ ಎದ್ದ ಒರಟು ಕೋಡನ್ನು ಬಾಗಿದ ಚೂರಿಯಿಂದ ಎಳೆ ಎಳೆಯಾಗಿ ಹೆರೆದು, ಗಾಜಿನ ಚೂರಿನಿಂದ ಉಜ್ಜಿ, ಎಣ್ಣೆ ಹಚ್ಚಿದನೆಂದರೆ ಅದರಲ್ಲಿ ನಿಮ್ಮ ಮುಖ ಕಾಣಬೇಕು. ಬುಡ ಸಣ್ಣ, ತುದಿ ಚೂಪು, ನಡುವೆ ಒಂದೂ ಗಂಟಿಲ್ಲ. ಬುಡವನ್ನು ಅಷ್ಟು ಸಣ್ಣಗೆ ತೆಗೆಯಲು ಈ ಮೂರು ತಾಲ್ಲೂಕಿನಲ್ಲಿ ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ನಾಲ್ಕು ಆಳು ಹಿಡಿದರೂ ನಿಲ್ಲದ ಎತ್ತು ಅಂಬಪ್ಪ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಕೆರೆದು "ನಿಲ್ಲಪಾ ನಮ್ಮಪ್ಪಾ" ಎಂದರೆ ಕಣ್ಣು ಮುಚ್ಚಿ ನಿಲ್ಲುತ್ತಿತ್ತು. ಅವನಿಗೆ ಹೊಲ ಇಲ್ಲ. ಆ ಕೈಯೇ ಅನ್ನ, ಆ ಹೆಸರೇ ಆಸ್ತಿ.

ಇನ್ನು ರೋಗದ ಮಾತು. ಎತ್ತು ಸುಮ್ಮಸುಮ್ಮನೆ ತಲೆ ಒದರುತ್ತದೆ, ಒಂದು ಕಡೆಗೆ ವಾಲಿಸಿಕೊಂಡು ನಿಲ್ಲುತ್ತದೆ. ಆಮೇಲೆ ಅದೇ ಕಡೆಯ ಮೂಗಿನಿಂದ ರಕ್ತ. ಕೋಡು ಮುಟ್ಟಿದರೆ ಬಿಸಿ, ಹಿಡಿದರೆ ಅಲ್ಲಾಡುತ್ತದೆ, ಒಳಗೆ ಹೂಕೋಸಿನ ಹಾಗೆ ಗಡ್ಡೆ ಬೆಳೆದಿರುತ್ತದೆ. ಕೋಡಿನ ಕ್ಯಾನ್ಸರ್. ಬೇಗ ಕೊಯ್ದರೆ ಎತ್ತು ಉಳಿಯುತ್ತದೆ, ತಡವಾದರೆ ಹೋಗುತ್ತದೆ. ನನ್ನ ಸರ್ವಿಸಿನಲ್ಲಿ ಎಷ್ಟು ಕೋಡು ಕೊಯ್ಯಲು ಕೈಜೋಡಿಸಿದ್ದೇನೋ, ಲೆಕ್ಕ ಇಟ್ಟಿಲ್ಲ.

ಹೋದ ವರ್ಷ ಯುಗಾದಿ ಕಳೆದ ವಾರ ಗಾಯತ್ರಿ ಎಂಬ ಹುಡುಗಿ ಒಂದು ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಮ್ಮ ದವಾಖಾನೆಗೆ ಬಂದಳು. ಸಿಂಧನೂರಿನ ಪಕ್ಕದ ಗೊರೇಬಾಳದವಳು. ಪಶುವೈದ್ಯಕೀಯ ಓದಿ ಡಾಕ್ಟರ್ ಆಗಿ, ಈಗ ಕೋಡಿನ ಕ್ಯಾನ್ಸರ್ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ನಮ್ಮಲ್ಲಿ ಡಾಕ್ಟರ ಹುದ್ದೆ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಹಾಗಾಗಿ ಯಜಮಾನಿಕೆ ನನ್ನದೇ. ನಾನು ಕುರ್ಚಿಯಿಂದ ಏಳದೆಯೇ ಕೇಳಿದೆ.

"ಕೋಡಿನ ಕ್ಯಾನ್ಸರ್‌ನ್ಯಾಗ ಓದೋದೇನೈತವಾ? ಕೋಡು ಕೊಯ್ಯೋದು, ಪಟ್ಟಿ ಕಟ್ಟೋದು, ಮುಗೀತು."

"ಕೊಯ್ದ ಕೋಡು ಏನ್ ಮಾಡ್ತೀರಿ ಸರ್?"

"ತಿಪ್ಪಿಗೆ ಒಗೀತೀವಿ."

"ಆ ತಿಪ್ಪಿಗೆ ಹೋಗೋದು ನನಗ ಕೊಡ್ರಿ ಸಾಕು," ಎಂದಳು. ನನಗೆ ಸಿಟ್ಟು ಬಂತು. ಆದರೂ ಚಹಾ ತರಿಸಿದೆ.

ಮೂರನೆಯ ದಿನವೇ ನಮ್ಮೂರಿನ ಯಮನೂರಮ್ಮನ ಬಿಳಿ ಎತ್ತು ಬಂತು. ಯಮನೂರಮ್ಮ ತನ್ನ ಹೊಲ ಉತ್ತು, ಮಂದಿಯ ಹೊಲವನ್ನೂ ಬಾಡಿಗೆಗೆ ಉಳುವವಳು. ಅವಳು ಹೊಡೆದ ಸಾಲು ಗಂಡಸರಿಗೂ ಬರುವುದಿಲ್ಲ, ನಾಲಿಗೆಯೂ ಅಷ್ಟೇ ನೆಟ್ಟಗೆ. ಎತ್ತಿನ ಎಡ ಮೂಗಿನಿಂದ ರಕ್ತ ಇಳಿಯುತ್ತಿತ್ತು. ತಲೆ ಹಿಡಿಯಲು ಅಂಬಪ್ಪನನ್ನು ಕರೆಸಿದೆ. ಅವನು ಅದರ ಕಿವಿಯ ಹತ್ತಿರ ಏನೋ ಗುನುಗುತ್ತ ಕುಳಿತ. ಗಾಯತ್ರಿ ಮತ್ತಿನ ಇಂಜೆಕ್ಷನ್ ಕೊಟ್ಟು, ನರ ಮರಗಟ್ಟಿಸಿ, ತಂತಿ ಗರಗಸದಿಂದ ಕೋಡನ್ನು ಬುಡಕ್ಕೇ ಕೊಯ್ದಳು. ಅಂಥ ಚೊಕ್ಕ ಕೈ ನಾನು ನೋಡಿರಲಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಗಡ್ಡೆಯದೊಂದು ಚೂರು, ಅದರ ಪಕ್ಕದ ಚೆನ್ನಾಗಿರುವ ಭಾಗದ್ದೊಂದು ಚೂರು, ಎರಡನ್ನೂ ಬೆರಳುದ್ದದ ಸೀಸೆಗಳಿಗೆ ಹಾಕಿ ಐಸಿಗೆ ಇಟ್ಟಳು. ತಡ ಮಾಡಿದರೆ ಆ ಕೋಶದೊಳಗೆ ಯಾವ ಜೀನು ಎದ್ದು ಕೆಲಸ ಮಾಡುತ್ತಿತ್ತು ಎಂಬ ಗುರುತು ಅಳಿಸಿಹೋಗುತ್ತದಂತೆ.

ಪಟ್ಟಿ ಕಟ್ಟುವಾಗ ಯಮನೂರಮ್ಮ ಕೇಳಿದಳು. "ಯಾರ ಕಣ್ಣು ಬಿತ್ತವಾ ನನ್ನ ಎತ್ತಿಗೆ?"

"ಕಣ್ಣಲ್ಲ ಅಕ್ಕಾರ," ಎಂದಳು ಗಾಯತ್ರಿ. "ಮೈಯಾಗಿನ ಒಂದೊಂದು ಕೋಶದ ನಡುವ ಬಾಗಲಾ ಇದ್ದ ಒಂದೊಂದು ಕೋಣಿ ಐತಿ ಅನ್ಕೋರಿ. ಏನೇನು ಮಾಡಬೇಕು ಅನ್ನೋ ಹುಕುಮೆಲ್ಲ ಅದರೊಳಗ ಐತಿ. ಜೀನು ಅಂತಾರ ಅವಕ್ಕ. ಕೋಣಿ ಹೊರಗ ಒಂದು ಹೋರಿ ಕಟ್ಟೈತಿ. ಹೆಸರು ಎನ್ಎಫ್ ಕಪ್ಪಾ ಬಿ."

"ಹೋರಿಗೆ ಅದೆಂಥಾ ಹೆಸರವಾ!"

"ಇಟ್ಟೋರು ಹೊರದೇಶದೋರು, ಬಿಡ್ರಿ. ಗಾಯ ಆತಂದ್ರ ಮೈ ಕೂಗು ಹಾಕತೈತಿ. ಆ ಕೂಗಿಗೆ ಹೋರಿ ಹಗ್ಗ ಹರೀತೈತಿ. ಹೋರಿ ಕೋಣ್ಯಾಗ ನುಗ್ಗಿ ಹುಕುಮು ಎಬ್ಬಸತೈತಿ. ಮಂದಿ ಕರೀರಿ, ರಕ್ತ ತರ್ರಿ, ಎರಡಿದ್ದೋರು ನಾಕಾಗ್ರಿ, ಯಾರೂ ಸಾಯಬ್ಯಾಡ್ರಿ ಅಂತ. ಗಾಯ ಮಾಯಬೇಕಂದ್ರ ಇದೆಲ್ಲ ಬೇಕರಿ. ಹೋರಿ ಕೆಟ್ಟದ್ದಲ್ಲ. ಅದು ಎಬ್ಬಸೋ ಹುಕುಮಿನ್ಯಾಗ ಒಂದೇನು ಗೊತ್ತೇನ್ರಿ? ನನ್ನ ಕಟ್ಟಾಕ ಹೊಸಾ ಹಗ್ಗ ಹೊಸೀರಿ ಅನ್ನೋದು. ತನ್ನ ಹಗ್ಗ ತಾನೇ ಹೇಳಿ ಮಾಡಸ್ಕೊಂತೈತಿ."

"ಯಪ್ಪಾ!" ಎಂದ ಅಂಬಪ್ಪ. "ತನ್ನ ತಾನೇ ಕಟ್ಟಿಸ್ಕೊಳ್ಳೋ ಹೋರಿ! ಎಂಥಾ ಮರ್ಯಾದಿ ಹೋರಿರೀ ಸಾಹೇಬ್ರ!"

ನನಗೂ ಮೈ ಜುಮ್ಮೆಂದಿತು. ಇಷ್ಟು ವರ್ಷ ದನಗಳ ನಡುವೆಯೇ ಬದುಕಿದ್ದೇನೆ, ಅವುಗಳ ಒಳಗೆ ಇಂಥದೊಂದು ಏರ್ಪಾಡು ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಮತ್ತ ಕೆಡೋದು ಎಲ್ಲಿ?" ಎಂದು ಯಮನೂರಮ್ಮ ಬಿಡಲಿಲ್ಲ.

"ದಿನಾ ಗಾಯ ಆದ್ರ, ಹೊಸಾ ಹಗ್ಗ ಹೊಸ್ಯೋದ್ರಾಗ ಮತ್ತ ಹರೀತೈತಿ. ಹೋರಿ ಒಳಗೇ ಉಳೀತೈತಿ. ವರ್ಷಗಟ್ಟಲೆ 'ಬೆಳೀರಿ, ಸಾಯಬ್ಯಾಡ್ರಿ' ಅನ್ನೋದೊಂದೇ ಹುಕುಮು. ಸಾಯಬೇಕಾದ ಕೆಟ್ಟ ಕೋಶನೂ ಸಾಯಂಗಿಲ್ಲ. ಅದೇ ಬೆಳದು ಗಡ್ಡಿ ಆಕ್ಕೈತ್ರಿ."

"ದಿನಾ ಗಾಯ ಯಾಕ ಆಗಬೇಕು? ಹೊಟ್ಟೀಲೆ ಹುಟ್ಟಿದ ಮಗನ್ನ ನೋಡಿಕೊಂಡಂಗ ನೋಡ್ಕೊಂಡೀನಿ!"

ಗಾಯತ್ರಿ ಕೊಯ್ದ ಕೋಡನ್ನು ಎತ್ತಿ ತಿರುಗಿಸಿದಳು. ನೊಗ ಜಾರದಂತೆ ಕೋಡಿನ ಬುಡಕ್ಕೆ ಸುತ್ತುವ ಹಗ್ಗ ಎರಡು ಬೆರಳಗಲ ತಿಕ್ಕಿ ತಿಕ್ಕಿ ಅಲ್ಲಿ ಕಾಲುವೆ ಮಾಡಿತ್ತು. "ಇಲ್ಲಿ ನೋಡ್ರಿ. ಇಲ್ಲಿ ಮ್ಯಾಲಿನ ಪದರ ಬಾಳ ತೆಳ್ಳಗಾಗೈತಿ. ಹಗ್ಗ ಒಳಗಿನ ಜೀವಕ್ಕೇ ಹತ್ತೈತಿ," ಎಂದಳು. ಯಾರು ತೆಳ್ಳಗೆ ಮಾಡಿದ್ದು ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಯಮನೂರಮ್ಮನಿಗೆ ಗೊತ್ತಿತ್ತು. ಅಂಬಪ್ಪ ಎತ್ತಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದ. ಪಟ್ಟಿ ಕಟ್ಟಿ ಮುಗಿದೊಡನೆ ಎದ್ದು ಹೋದ.

ನಾಲ್ಕು ದಿನ ಅವನ ಪತ್ತೆ ಇರಲಿಲ್ಲ. ಐದನೆಯ ದಿನ ಬೆಳಿಗ್ಗೆ ದವಾಖಾನೆಯ ಬಾಗಿಲಲ್ಲಿ ನಿಂತು, "ಯವ್ವಾ, ಇಂಥಾ ಕೋಡು ನಿನ್ನ ಹಂತ್ಯಾಕ ಎಷ್ಟದಾವ?" ಎಂದು ಕೇಳಿದ.

"ಮೂವತ್ತೊಂದು, ತಾತ. ಮೂರು ತಾಲ್ಲೂಕಿನವು."

"ಒಂದೊಂದಾಗಿ ಹೇಳು. ಊರು, ಯಜಮಾನನ ಹೆಸರು."

ಅವಳು ಓದತೊಡಗಿದಳು. ಅವಳ ಹತ್ತಿರ ಇದ್ದದ್ದು ಊರು, ಹೆಸರು, ಫೋನ್ ನಂಬರು ಅಷ್ಟೇ. ಕೋಡು ಹೆರೆಸಿದ್ದು ಯಾವಾಗ, ಎಷ್ಟು ಸಲ, ಹಗ್ಗ ಎಲ್ಲಿ ಬಿಗಿಯುತ್ತಿದ್ದರು ಎಂದು ಕೇಳಿದರೆ ಯಜಮಾನರು ತಲೆ ಕೆರೆದುಕೊಂಡಿದ್ದರಂತೆ. ಅಂಬಪ್ಪ ತಲೆ ಕೆರೆಯಲಿಲ್ಲ. "ಅದು ಬಲಗೋಡು. ಒಳಗ ಬಾಗಿತ್ತು. ಐದು ವರ್ಷ ನಾನೇ ಹೆರದೀನಿ. ಹಗ್ಗದ ಗುರುತು ಮೂರನೇ ವರ್ಷಕ್ಕೇ ಬಿದ್ದಿತ್ತು." ಹೀಗೆ ಒಂದಾದ ಮೇಲೆ ಒಂದು. ನನಗೆ ನಂಬಿಕೆಯಾಗಲಿಲ್ಲ. ನನ್ನ ಹಳೆಯ ರಿಜಿಸ್ಟರು ತೆಗೆದು ಎಲ್ಲೋ ಮೂಲೆಯ ಒಂದು ಎತ್ತಿನ ಹೆಸರು ಹೇಳಿ ಪರೀಕ್ಷೆ ಮಾಡಿದೆ. ಎಡಗೋಡಿನ ತುದಿ ಸೀಳಿತ್ತು ಎಂದ. ರಿಜಿಸ್ಟರಿನಲ್ಲಿ ನನ್ನದೇ ಕೈಬರಹದಲ್ಲಿ ಹಾಗೇ ಇತ್ತು. ಶಹಭಾಷ್ ಎನ್ನದೆ ಗತಿಯಿರಲಿಲ್ಲ.

ರೋಗ ಬಂದವುಗಳ ಲೆಕ್ಕ ಸಾಲದು, ಬಾರದವುಗಳದೂ ಬೇಕು ಎಂದಳು ಗಾಯತ್ರಿ. ಹೆರೆಸಿಯೂ ಚೆನ್ನಾಗಿರುವ ಎತ್ತು, ಹೆರೆಸದ ಎತ್ತು, ಹಗ್ಗ ಬಿಗಿಯದ ಎತ್ತು. ಸರಿ, ಆ ಬಿಸಿಲಿನಲ್ಲಿ ಇಬ್ಬರೂ ಹೊರಟರು. ಅವಳ ಸ್ಕೂಟಿಯ ಹಿಂದೆ ಅಂಬಪ್ಪ ತೊಡೆಯ ಮೇಲೆ ಐಸ್ ಪೆಟ್ಟಿಗೆ ಇಟ್ಟುಕೊಂಡು ಪಕ್ಕಕ್ಕೆ ಕಾಲು ಬಿಟ್ಟು ಕೂರುತ್ತಿದ್ದ. ಲಿಂಗಸುಗೂರಿನ ಚಹಾದಂಗಡಿಯವರು ನಗುತ್ತಿದ್ದರು. ಮಸ್ಕಿ ದಾಟಿ ಕಾಲುವೆ ಕಡೆಗೆ ಹೋದರೆ ಎಲ್ಲ ಟ್ರ್ಯಾಕ್ಟರು, ಎತ್ತು ಹುಡುಕುವುದೇ ಕಷ್ಟ. ಅಲ್ಲಿಯೂ ಯಾವ ಓಣಿಯಲ್ಲಿ ಯಾವ ಜೋಡಿ ಉಳಿದಿದೆ ಎಂದು ಅವನಿಗೆ ಗೊತ್ತು. ಒಂದು ತಿಂಗಳಲ್ಲಿ ಅರವತ್ತು ಎತ್ತು ನೋಡಿ ಬಂದರು.

ಆ ಲೆಕ್ಕ ಯಾರ ಕಡೆಗೆ ಬೆರಳು ಮಾಡುತ್ತಿದೆ ಎಂದು ಕುರುಡನಿಗೂ ಕಾಣುತ್ತಿತ್ತು. ಮೂವತ್ತೊಂದರಲ್ಲಿ ಇಪ್ಪತ್ತೇಳು ಅಂಬಪ್ಪ ಹೆರೆದವು. ಹೆರೆದರೂ ಹಗ್ಗ ಬಿಗಿಯದ ಎತ್ತುಗಳಿಗೆ ರೋಗ ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ಹೆರೆಯದೆ ಹಗ್ಗ ಬಿಗಿದವುಗಳಿಗೂ ಹಾಗೇ. ಎರಡೂ ಕೂಡಿದಲ್ಲಿ ರೋಗ. ಪ್ರಯೋಗಾಲಯದಲ್ಲಿ ಅವಳು ನೋಡಿದ್ದೂ ಅದನ್ನೇ ಹೇಳುತ್ತಿತ್ತು. ಅಂಥ ಕೋಡಿನಲ್ಲಿ ಇನ್ನೂ ಗಡ್ಡೆ ಆಗದ ಭಾಗದಲ್ಲಿ ಕೂಡ ಹೋರಿ ಆಗಲೇ ಕೋಣೆಯೊಳಗೆ ಸೇರಿಕೊಂಡು, ಎಬ್ಬಿಸಬಾರದ ಜೀನುಗಳನ್ನು ಎಬ್ಬಿಸಿ ಕೂತಿತ್ತು.

ಒಂದು ಸಂಜೆ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ಅವನ ರಟ್ಟೆ ಹಿಡಿದು ಕೂರಿಸಿದೆ. "ಏ ಅಂಬಪ್ಪ, ಹುಚ್ಚು ಹಿಡದೈತೇನು ನಿನಗ? ಕಾರಹುಣ್ಣಿಮಿ ಹದಿನೈದು ದಿನ ಐತಿ. ಈ ಹಕೀಕತ್ತು ಹೊರಗ ಬಿತ್ತಂದ್ರ ನಿನ್ನ ಯಾರು ಕರೀತಾರ? ಮನಿ ಮುಂದ ಬಂದು ಬೈತಾರ. ನೆನಪಿಲ್ಲ ಅಂದ್ಬಿಡು. ಯಾರು ಕೇಳ್ತಾರ ನಿನ್ನ?"

"ಆಕಿ ಕೇಳೋದಕ್ಕ ಉತ್ತರ ನನಗ ಗೊತ್ತೈತ್ರಿ ಸಾಹೇಬ್ರ. ಗೊತ್ತಿದ್ದದ್ದು ಇಲ್ಲ ಅಂತ ಹೆಂಗ ಅನ್ಲಿ?"

ಗಾಯತ್ರಿಯೂ ಅವನಿಗೆ ಮಾತು ಕೊಟ್ಟಿದ್ದಳು. "ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ ತಾತ. ಬಿಸಲೈತಿ, ಕೋಡಿಗೆ ಹಚ್ಚೋ ಬಣ್ಣ ಐತಿ, ತಳಿ ಐತಿ, ಒಂದೇ ಕಾರಣ ಅಂತ ಹೇಳಾಕ ಬರಂಗಿಲ್ಲ. ಮತ್ತ ಹಗ್ಗ ಬಿಗದೋರು ನೀವಲ್ಲ."

"ಹಗ್ಗಕ್ಕ ಹಾದಿ ಮಾಡಿಕೊಟ್ಟಾಂವ ನಾನಲ್ಲೇನವಾ?" ಎಂದಿದ್ದ ಅಂಬಪ್ಪ.

ಹುಣ್ಣಿಮೆಗೆ ಹತ್ತು ದಿನ ಇರುವಾಗ ಲಿಂಗಸುಗೂರಿನ ದನದ ಸಂತೆಯ ಮಗ್ಗುಲಿಗೆ ಶಾಮಿಯಾನ ಹಾಕಿ ಶಿಬಿರ ಮಾಡಿದೆವು. ಎತ್ತಿನ ಯಜಮಾನರು ಎಪ್ಪತ್ತು ಎಂಬತ್ತು ಮಂದಿ ಸೇರಿದ್ದರು. ಗಾಯತ್ರಿ ಹಲಗೆಯ ಮೇಲೆ ಕೋಡಿನ ಚಿತ್ರ ಬರೆದು, ಹಗ್ಗ ಹರಿದ ಹೋರಿಯ ಕಥೆ ಹೇಳಿ, ಕೊನೆಗೆ ಕೈಮುಗಿದಳು. "ಈ ಸಲ ಕೋಡು ಹೆರೆಸಬ್ಯಾಡ್ರಿ. ಹೆರೆಸಿದ್ದಿದ್ರ ಅದರ ಬುಡಕ್ಕ ಹಗ್ಗ ಬಿಗೀಬ್ಯಾಡ್ರಿ."

ಮಸ್ಕಿ ಕಡೆಯ ಮೈಲಾರಲಿಂಗಪ್ಪ ಎದ್ದ. ದೊಡ್ಡ ಜೋಡಿಯ ಯಜಮಾನ, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಬಾಯಿ. "ಟ್ರ್ಯಾಕ್ಟರಿನ್ಯಾಗ ನೆಲ್ಲು ಬೆಳೆಯೋ ಗೊರೇಬಾಳದ ಹುಡುಗಿ ನಮಗ ಎತ್ತಿನ ಕೋಡು ಕಲಸಾಕ ಬಂದಾಳಪ್ಪೋ!" ಎಂದ. ಎಲ್ಲರೂ ನಕ್ಕರು. "ಕೋಡು ಹೆರಸಿದ್ರ ಎತ್ತು ಸಾಯ್ತಾವಂತ. ಅಂಬಪ್ಪ ಇಲ್ಲೇ ಕುಂತಾನ. ಬಂಗಾರದ ಕೈ ಅದು. ಎದ್ದು ಹೇಳಪಾ ಅಂಬಪ್ಪ, ನಿನ್ನ ಕೈಯಾಗ ಒಂದರೆ ಎತ್ತಿಗೆ ಕೆಟ್ಟಾಗೈತೇನು?"

ಗಾಯತ್ರಿ ಅವನತ್ತ ನೋಡಿ ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಅವನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಹೆಸರು ಉಳಿಯುತ್ತಿತ್ತು, ಹತ್ತು ದಿನದ ಕೆಲಸ ಉಳಿಯುತ್ತಿತ್ತು, ಆ ಹುಡುಗಿಯ ಎರಡು ವರ್ಷದ ದುಡಿಮೆ ನಗೆಯಲ್ಲಿ ಹಾರಿಹೋಗುತ್ತಿತ್ತು. ನಾನೂ ಮನಸ್ಸಿನಲ್ಲೇ ಕುಂತಿರು ಮಾರಾಯಾ ಕುಂತಿರು ಎನ್ನುತ್ತಿದ್ದೆ.

ಅಂಬಪ್ಪ ಎದ್ದ. ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಆಗೈತ್ರಿ ಗೌಡ್ರ," ಎಂದ. "ಗುರುಗುಂಟಾದ ಯಮನೂರಮ್ಮನ ಬಿಳಿ ಎತ್ತು, ಎಡಗೋಡು."

ಅಲ್ಲಿಂದ ಶುರುವಾಯಿತು. ಊರು, ಯಜಮಾನ, ಎತ್ತಿನ ಬಣ್ಣ, ಯಾವ ಕೋಡು. ಕಾಗದವಿಲ್ಲ, ತಡವರಿಕೆಯಿಲ್ಲ. ಐದಾರು ಹೆಸರಾಗುವ ಹೊತ್ತಿಗೆ ನಗು ನಿಂತಿತು. ಹದಿಮೂರನೆಯದು ಮೈಲಾರಲಿಂಗಪ್ಪನ ಹಳೆಯ ಜೋಡಿಯ ಎತ್ತು. ಅವನು ಮೀಸೆ ಮುಟ್ಟಿಕೊಂಡವನು ಕೈ ಅಲ್ಲೇ ಬಿಟ್ಟು ಕೂತುಬಿಟ್ಟ. ತಮ್ಮ ಹೆಸರು ಬಂದವರು ತಲೆ ತಗ್ಗಿಸುತ್ತಿದ್ದರು, ಬಾರದವರು ಬಂದೀತೇನೋ ಎಂದು ಕಾಯುತ್ತಿದ್ದರು. ಎಂಥ ಧೈರ್ಯ ಅದು!

"ಇಪ್ಪತ್ತೇಳು," ಎಂದು ಅಂಬಪ್ಪ ನಿಲ್ಲಿಸಿದ. ಎಲ್ಲ ಮುಗಿಯಿತು ಎಂದುಕೊಂಡೆ. ಅವನು ಕೂರಲಿಲ್ಲ.

"ಇನ್ನೊಂದೈತಿ. ಅದು ಈ ಯವ್ವನ ಪಟ್ಟಿಯಾಗ ಇಲ್ಲ. ಈಕಿಗೂ ನಾ ಹೇಳಿಲ್ಲ. ನನ್ನ ಕರಿ ಎತ್ತು, ಬಾಡಿಗಿ ಬಂಡಿಗೆ ಹೂಡತಿದ್ದೆ. ಹನ್ನೊಂದು ವರ್ಷ ಆತು. ಅದರ ಕೋಡು ಹೆರದಂಗ ನಾ ಯಾರದೂ ಹೆರದಿಲ್ಲ, ಅಷ್ಟು ಚೆಂದ ಮಾಡಿದ್ದೆ. ಎರಡು ವರ್ಷಕ್ಕ ಮೂಗಿನ್ಯಾಗ ರಕ್ತ ಬಂತು. ಹುಳಾ ಮುಟ್ಟಿ ಸತ್ತಿತು ಅಂತ ಊರಿಗೆ ಹೇಳಿ ಮಣ್ಣು ಮಾಡಿದೆ. ಆವತ್ತೇ ನನಗ ಗುಮಾನಿ ಬಂದಿತ್ರಿ. ಬಾಯಿ ಮುಚ್ಕೊಂಡು ಹೆರಕೋಂತ ಹ್ವಾದೆ. ಈ ಇಪ್ಪತ್ತೇಳೂ ಆಮ್ಯಾಲಿನವು."

ಹಾವು ಕಚ್ಚಿತು ಎಂದೇ ಅವನು ನನಗೂ ಹೇಳಿದ್ದ. ನಾನು, ದವಾಖಾನೆಯ ಇನ್ಸ್‌ಪೆಕ್ಟರ್, ಆ ಎತ್ತಿನ ಕೋಡಿನತ್ತ ಕಣ್ಣೂ ಹಾಯಿಸದೆ ನಂಬಿದ್ದೆ. ಹಿಂದಿನ ಸಾಲಿನಲ್ಲಿ ಯಾರೋ ಕೆಟ್ಟ ಮಾತು ಬೈದರು. ಅಂಬಪ್ಪ ಅತ್ತ ತಿರುಗಿ ಕೈಮುಗಿದ.

ಆಗ ಯಮನೂರಮ್ಮ ಎದ್ದು ಬಂದಳು. ಅವಳ ಒಂಟಿ ಕೋಡಿನ ಎತ್ತು ಹೊರಗೆ ಬೇವಿನ ಮರಕ್ಕೆ ಕಟ್ಟಿತ್ತು, ಬದುಕಿತ್ತು. ಅವಳು ಅವನ ಎದುರಿಗೇ ನಿಂತಳು.

"ಅಂಬಪ್ಪಣ್ಣಾ, ನನ್ನ ಅಂಗಳದಾಗ ಕುಂತು ರೊಟ್ಟಿ ತಿಂದು, ವರ್ಷ ವರ್ಷ ನನ್ನ ಎತ್ತಿನ ಕೋಡು ಹೆರದು ಹೋದೆಲ್ಲಪಾ. ಒಂದು ಮಾತು ಹೇಳಾಕ ನಿನಗ ಬಾಯಿ ಬರಲಿಲ್ಲೇನು?"

"ಬರಲಿಲ್ಲವಾ," ಎಂದ ಅವನು. "ಅಂಜಿದೆ."

ಅವಳ ಕಣ್ಣು ತುಂಬಿತ್ತು, ಸಿಟ್ಟಿಗೋ ಇನ್ನೊಂದಕ್ಕೋ ನನಗೆ ತಿಳಿಯಲಿಲ್ಲ. ಸರಕ್ಕನೆ ಗಾಯತ್ರಿಯ ಕಡೆ ತಿರುಗಿದಳು.

"ಏನ್ ನೋಡಾಕತ್ತೀಯವಾ ನೀ? ಬರಕೋ. ಅದನ್ನೂ ಬರಕೋ. ಇಷ್ಟು ಮಂದಿ ಮೀಸಿ ಹೊತ್ಕೊಂಡು ಕುಂತಾರ, ಇಂಥಾ ಮಾತು ಒಬ್ಬಾನ ಬಾಯಾಗರೆ ಬಂದೀತೇನು?"

ಗಾಯತ್ರಿ ಪೆನ್ನು ತೆಗೆದಳು. ಎಲ್ಲರಿಗೂ ಕೇಳಿದ ಹಾಗೆಯೇ ಅವನಿಗೂ ಒಂದೊಂದಾಗಿ ಕೇಳಿದಳು.

"ಊರು, ತಾತ?"

"ಗುರುಗುಂಟಾ."

"ಯಾವ ಕೋಡು?"

"ಬಲಗೋಡು."

"ಯಜಮಾನರ ಹೆಸರು?"

"ಅಂಬಪ್ಪ."

ಅವಳು ಬರೆದುಕೊಂಡು, ತಲೆ ಎತ್ತದೆ ಮುಂದಿನದನ್ನು ಕೇಳಿದಳು.

"ಹೆರೆದೋರು?"

"ಅಂಬಪ್ಪ," ಎಂದ ಅವನು, ಹಿಂದೆ ಕೂತವರಿಗೂ ಕೇಳುವ ಹಾಗೆ.